ಟಾರ್ಪಾಲ್ ಹಾಕಬೇಕಿತ್ತೋ, ಹಾಕಬಾರದಿತ್ತೋ? ವಿಮಾ ಕಂಪನಿಗೊಂದು ಬಹಿರಂಗ ಪತ್ರ

ಗೆ,
ವಿಭಾಗೀಯ ವ್ಯವಸ್ಥಾಪಕರು,
ನಮ್ಮ ಮನೆಗೆ ವಿಮೆ ಕೊಟ್ಟ ಕಂಪನಿ,
ಮಂಗಳೂರು.

ಮಾನ್ಯರೇ,

ನಮಸ್ಕಾರ. ನಿಮ್ಮ ಕಂಪನಿಯ ಹೆಸರನ್ನು ಬೇಕೆಂದೇ ಬರೆದಿಲ್ಲ. ಬರೆದರೆ ಇದು ಒಂದು ಕಂಪನಿಯ ಕಥೆ ಆಗಿಬಿಡುತ್ತದೆ. ನನ್ನ ಅಂಗಡಿಗೆ ಜನ ಹಿಡಿದುಕೊಂಡು ಬರುವ ಕಾಗದ ನೋಡಿದ್ದೇನೆ. ಲೆಟರ್‌ಹೆಡ್ ಬೇರೆ ಬೇರೆ, ಒಳಗಿನ ಮಾತು ಒಂದೇ. ಆದರೆ ಈ ಪತ್ರ ನಿಮಗೇ ಬರೆದದ್ದು ಅಂತ ನಿಮಗೆ ಗೊತ್ತಾಗುತ್ತದೆ. ಮರ ಬಿದ್ದು ಹಾಳಾದ ನಮ್ಮ ಮನೆಯ ವಿಮೆ ದುಡ್ಡಿನ ವಿಷಯಕ್ಕೆ ಕ್ಲೇಮ್ ನಂಬರ್ ಹಾಕಿ ನಾಲ್ಕು ಇಮೇಲ್ ಕಳಿಸಿದ್ದೇನೆ. ನಾಲ್ಕಕ್ಕೂ ಒಂದೇ ಉತ್ತರ. ನಿಮ್ಮ ದೂರು ನಮಗೆ ತುಂಬಾ ಮುಖ್ಯ, ಸ್ವಲ್ಪ ಕಾಯಿರಿ ಅಂತ. ಆ ಉತ್ತರ ಮೆಷಿನ್ ಬರೆದದ್ದು. ಈ ಪತ್ರವನ್ನಾದರೂ ಮನುಷ್ಯರು ಓದಲಿ ಅಂತ ಹೀಗೆ ಎಲ್ಲರ ಎದುರಿಗೆ ಬರೆಯುತ್ತಿದ್ದೇನೆ.

ನಾನು ಉಡುಪಿಯ ಸಂತೆಕಟ್ಟೆ ಹತ್ತಿರ ಒಂದು ಸಣ್ಣ ಜೆರಾಕ್ಸ್ ಅಂಗಡಿ ಇಟ್ಟಿದ್ದೇನೆ. 17 ವರ್ಷ ಆಯಿತು. ಜೆರಾಕ್ಸಿಗಿಂತ ಅರ್ಜಿ ತುಂಬಿಸುವ ಕೆಲಸವೇ ಜಾಸ್ತಿ. ರೇಷನ್ ಕಾರ್ಡ್, ಆಧಾರ್ ತಿದ್ದುಪಡಿ, ಪಹಣಿ, ಮಕ್ಕಳ ಸ್ಕಾಲರ್‌ಶಿಪ್. ಬೇರೆಯವರ ಫಾರ್ಮಿನಲ್ಲಿ ತಪ್ಪು ಹುಡುಕುವುದೇ ನನ್ನ ಹೊಟ್ಟೆಪಾಡು. ಹಾಗಾಗಿ 'ಅವರಿಗೆ ಕಾಗದಪತ್ರ ಗೊತ್ತಾಗಲಿಲ್ಲ' ಎಂಬ ಮಾತನ್ನು ದಯವಿಟ್ಟು ನನ್ನ ಹತ್ತಿರ ಹೇಳಬೇಡಿ. ನನಗೇ ಇಷ್ಟು ಕಷ್ಟವಾದರೆ ನನ್ನ ಅಂಗಡಿಯ ಬೆಂಚಿನಲ್ಲಿ ಕೂತು ಕಾಯುವವರ ಗತಿ ಎಂತ?

ಕಳೆದ ವರ್ಷ ಜುಲೈ ಎರಡನೇ ವಾರ. ತುಳುವಿನ ಆಟಿ ತಿಂಗಳಿಗೆ ಇನ್ನೂ ಕೆಲವು ದಿನ ಇತ್ತು. ರಾತ್ರಿ ಎರಡೂವರೆ ಇರಬೇಕು. ಹಲಸಿನ ಮರ ಬೀಳುವ ಸದ್ದು ನೀವು ಕೇಳಿದ್ದೀರೋ ಇಲ್ಲವೋ ಗೊತ್ತಿಲ್ಲ. ಅದು ಧಡ್ ಅಂತ ಬೀಳುವುದಿಲ್ಲ. ಮೊದಲು ಹಳೆ ಸೀರೆ ಹರಿದ ಹಾಗೆ ಬೇರು ಹರಿಯುವ ಸದ್ದು. ಆಮೇಲೆ ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಹಂಚು. ಒಂದರ ಮೇಲೊಂದು, ಪಾತ್ರೆ ಅಂಗಡಿಗೆ ದನ ನುಗ್ಗಿದ ಹಾಗೆ. ಅಡುಗೆ ಮನೆ ಮತ್ತು ಅದರ ಪಕ್ಕದ ಕೋಣೆಯ ಮಾಡು, ಅಂದರೆ ಛಾವಣಿ, ಪೂರ್ತಿ ಹೋಯಿತು. ಪಕ್ಕದ ಕೋಣೆಯಲ್ಲಿ 78 ವರ್ಷದ ಅತ್ತೆ ಮಲಗುತ್ತಾರೆ. ಆ ದಿನ ಸೊಂಟನೋವು ಅಂತ ಚಾವಡಿಯಲ್ಲಿ ಮಲಗಿದ್ದರು. ಅದೊಂದು ಪುಣ್ಯ.

ಕಾಲು ಗಂಟೆಯಲ್ಲಿ ಅಕ್ಕಪಕ್ಕದವರು ಬಂದರು. ಮೂರೂವರೆಗೆ ಮೆಸ್ಕಾಂ ಲೈನ್‌ಮ್ಯಾನ್ ರೈನ್‌ಕೋಟ್ ಹಾಕಿಕೊಂಡು ಬಂದು ಲೈನ್ ಬಿಡಿಸಿದರು. ಮರುದಿನ ಹನ್ನೊಂದು ಗಂಟೆಗೆ ಗ್ರಾಮ ಆಡಳಿತಾಧಿಕಾರಿ ಸ್ಕೂಟರಿನಲ್ಲಿ ಬಂದು, ಮೊಣಕಾಲವರೆಗೆ ನೆನೆದುಕೊಂಡೇ ಫೋಟೋ ತೆಗೆದು, ಮಹಜರು ಬರೆದು, ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿಕೊಂಡು ಹೋದರು. ಸರ್ಕಾರಿ ಕೆಲಸ ಅಂದರೆ ನಿಧಾನ ಅಂತ ನಾವೇ ತಮಾಷೆ ಮಾಡುತ್ತೇವೆ, ಅಲ್ವಾ? ನಾನೂ ಮಾಡಿದವಳೇ. ಆ ದಿನದಿಂದ ಬಿಟ್ಟಿದ್ದೇನೆ.

ನಿಮ್ಮ ಟೋಲ್ ಫ್ರೀ ನಂಬರಿಗೆ ನಾನು ಫೋನ್ ಮಾಡಿದ್ದು ಬೆಳಿಗ್ಗೆ 7 ಗಂಟೆ 10 ನಿಮಿಷಕ್ಕೆ. ಕನ್ನಡಕ್ಕಾಗಿ 6 ಒತ್ತಿ ಎಂದಿತು. ಒತ್ತಿದೆ. ಆ ಕಡೆ ಬಂದವರು ಹಿಂದಿಯಲ್ಲಿ ಮಾತಾಡಿದರು. ಅದೂ ಆಯಿತು ಅಂತ ನನಗೆ ಬರುವಷ್ಟು ಹಿಂದಿಯಲ್ಲಿ ಹೇಳಿದೆ. ಹಲಸಿಗೆ ಹಿಂದಿಯಲ್ಲಿ ಏನು ಅಂತ ನೆನಪಾಗದೆ 'ದೊಡ್ಡ ಮರ' ಅಂದೆ. ಅವರು ಒಂದು ನಂಬರ್ ಕೊಟ್ಟು ಒಂದು ಮಾತು ಹೇಳಿದರು. ಈ ಪತ್ರ ಬರೆಯುವುದಕ್ಕೆ ಕಾರಣವೇ ಆ ಮಾತು. 'ಹಾನಿ ಅಂದಾಜು ಮಾಡುವ ಸರ್ವೇಯರ್ ಬಂದು ನೋಡುವವರೆಗೆ ಏನನ್ನೂ ಮುಟ್ಟಬೇಡಿ. ಇದ್ದದ್ದು ಇದ್ದ ಹಾಗೇ ಇರಲಿ.'

ಜುಲೈ ತಿಂಗಳ ಉಡುಪಿಯಲ್ಲಿ ಮಾಡಿಲ್ಲದ ಮನೆಯಲ್ಲಿ ಇದ್ದದ್ದು ಇದ್ದ ಹಾಗೇ ಹೇಗೆ ಇರುತ್ತದೆ ಮಾರಾಯ್ರೆ?

ಮೊದಲ ದಿನ ಫ್ರಿಜ್ ಚೆನ್ನಾಗಿಯೇ ಇತ್ತು. ಮರ ಅದರ ಮೇಲೆ ಬಿದ್ದಿರಲಿಲ್ಲ. ಎರಡನೇ ದಿನ ಅದರ ಹಿಂದೆ ನೀರು ಇಳಿಯಿತು. ಕಪಾಟಿನ ಪ್ಲೈವುಡ್ ಉಬ್ಬಿತು. ಅಕ್ಕಿ ಮೂಟೆ ತಳದಿಂದ ಒದ್ದೆಯಾಗುತ್ತಾ ಮೇಲೆ ಬಂತು. ಮರದ ಜೊತೆ ಬಿದ್ದ ಹತ್ತು ಹದಿನೈದು ಹಲಸಿನ ಹಣ್ಣು ನೆಲದಲ್ಲಿ ಒಡೆದು ಹರಡಿದ್ದವು. ಮಳೆಗಾಲದ ನೀರು ಹಣ್ಣು. ಯಾರೂ ತಿನ್ನುವುದಿಲ್ಲ. ಅದರ ವಾಸನೆ, ಅದರ ನೊಣ. ಗುಡಿಸಿ ಹಾಕೋಣ ಅಂದರೆ ಮುಟ್ಟಬಾರದು. ದಿನಕ್ಕೆರಡು ಸಲ ಫೋನ್ ಮಾಡಿದೆ. ಸರ್ವೇಯರ್ ನೇಮಕ ಪ್ರಕ್ರಿಯೆಯಲ್ಲಿದೆ ಅನ್ನುತ್ತಿದ್ದರು. ಮೂರನೇ ದಿನ ಸಂಜೆ ಅತ್ತೆ ಬಾಗಿಲಲ್ಲಿ ನಿಂತು, 'ನಿನ್ನ ಕಂಪನಿಯವರು ಬರುವಾಗ ಈ ಗೋಡೆಯೂ ಇರುವುದಿಲ್ಲ, ನೋಡುತ್ತಿರು' ಅಂದರು. ಮಗ ಎಲ್ಲ ಕಡೆಯಿಂದ ಫೋಟೋ, ವಿಡಿಯೋ ತೆಗೆದ. ಕೊಂಬೆ ಕಡಿಸಿ, ಎರಡು ನೀಲಿ ಟಾರ್ಪಾಲ್ ತಂದು ಕಟ್ಟಿದೆವು. ಟಾರ್ಪಾಲ್, ಹಗ್ಗ, ಮರ ಕಡಿಯುವವರ ಕೂಲಿ ಎಲ್ಲ ಸೇರಿ 6,800 ರೂಪಾಯಿ.

ಸರ್ವೇಯರ್ ಬಂದದ್ದು ಒಂಬತ್ತನೇ ದಿನ. ಅವರ ಬಗ್ಗೆ ನನಗೆ ದೂರಿಲ್ಲ. ಕರಿ ಕೊಡೆ ಹಿಡಿದುಕೊಂಡು ಬಂದ ಹಿರಿಯರು. ಚಾ ಕೊಟ್ಟರೆ ಸಕ್ಕರೆ ಬೇಡ ಅಂದರು. ಆ ದಿನ ಅವರ ಪಟ್ಟಿಯಲ್ಲಿ ನಮ್ಮದು ಐದನೇ ಮನೆಯಂತೆ. ಕುಂದಾಪುರದವರೆಗೆ ಹೋಗುವುದಿತ್ತು. ಟಾರ್ಪಾಲ್ ಎತ್ತಿಸಿ ಮಾಡಿನ ಮರದ ಪಕ್ಕಾಸು, ರೀಪು ಎಣಿಸಿದರು. ಹಂಚು ಅಂದಾಜು ಹಾಕಿದರು. ಮುರಿದ ಮುರಕಲ್ಲಿನ (ಕೆಂಪು ಕಲ್ಲಿನ) ಗೋಡೆಯನ್ನು ಕೀಲಿಕೈಯಿಂದ ಕೆರೆದು ನೋಡಿ, 'ಮಣ್ಣಿನ ಗಾರೆಯಾ?' ಅಂತ ಕೇಳಿದರು. ಹೌದು, ಮಾವನ ಕಾಲದ್ದು ಅಂದೆ. 'ಕಟ್ಟಿದವರು ಗಟ್ಟಿ ಕಟ್ಟಿದ್ದಾರೆ' ಅಂದರು. ಹೋಗುವಾಗ ಮೆಟ್ಟಿಲಲ್ಲಿ ನಿಂತು ಒಂದು ಮಾತು ಹೇಳಿದರು. 'ಅಮ್ಮಾ, ಮೊದಲ ದಿನವೇ ಟಾರ್ಪಾಲ್ ಹಾಕಬೇಕಿತ್ತು.'

ನಿಮ್ಮ ನಿರ್ಧಾರದ ಪತ್ರ ಬಂದದ್ದು 104ನೇ ದಿನ. ಅದರಲ್ಲಿ ಅದೇ ಮಾತು ಇಂಗ್ಲಿಷಿನಲ್ಲಿ ಇತ್ತು. ಫ್ರಿಜ್, ಕಪಾಟು, ಅಕ್ಕಿ ಇವೆಲ್ಲ ಮರ ಬಿದ್ದು ಹಾಳಾದದ್ದಲ್ಲ, ಮಳೆಯಿಂದ ಹಾಳಾದದ್ದು. ಹೆಚ್ಚಿನ ಹಾನಿ ತಡೆಯಲು ಪಾಲಿಸಿದಾರರು ಸಕಾಲದಲ್ಲಿ ಕ್ರಮ ತೆಗೆದುಕೊಂಡಿಲ್ಲ. ಆದ್ದರಿಂದ ಅದನ್ನು ಕಳೆಯಲಾಗಿದೆ. ಮುಟ್ಟಬೇಡಿ ಅಂದವರೂ ನೀವೇ, ಯಾಕೆ ಮುಟ್ಟಲಿಲ್ಲ ಅಂದವರೂ ನೀವೇ. ನನ್ನ ಪ್ರಶ್ನೆ ಒಂದೇ. ಟಾರ್ಪಾಲ್ ಹಾಕಬೇಕಿತ್ತೋ, ಹಾಕಬಾರದಿತ್ತೋ? ನಾನು ಫೋನ್ ಮಾಡಿದ ಮಾತುಕತೆ ರೆಕಾರ್ಡ್ ಆಗಿದೆ ಅಂತ ನಿಮ್ಮ ಮೆಷಿನ್ನೇ ಹೇಳಿತ್ತು. ಅದನ್ನು ತೆಗೆದು ಕೇಳಿ.

ನಡುವೆ ಇನ್ನೊಂದು ನಡೆಯಿತು. ಅದನ್ನು ಬರೆಯದಿದ್ದರೆ ಮನಸ್ಸಿಗೆ ಸಮಾಧಾನ ಇಲ್ಲ. ಸರ್ವೇಯರ್ ತೆಗೆದ ಫೋಟೋದಲ್ಲಿ ನೀಲಿ ಟಾರ್ಪಾಲ್ ಇತ್ತು. ಅದನ್ನು ನೋಡಿದ ನಿಮ್ಮ ಕ್ಲೇಮ್ ಡೆಸ್ಕಿನವರು ಇಮೇಲಿನಲ್ಲಿ ಕೇಳಿದರು: 'ಮನೆಯ ಛಾವಣಿ ಟಾರ್ಪಾಲಿನದ್ದೇ? ಹಾಗಿದ್ದರೆ ಇದು ಕಚ್ಚಾ ಕಟ್ಟಡ, ಪಾಲಿಸಿಗೆ ಬರುವುದಿಲ್ಲ.' ಆವತ್ತು ಮನೆಯಲ್ಲಿ ಎಷ್ಟೋ ದಿನದ ಮೇಲೆ ಎಲ್ಲರೂ ನಕ್ಕೆವು. ಆಮೇಲೆ ಕೂತು ಪಾಲಿಸಿ ಪುಸ್ತಕ ತೆರೆದು ಓದಿದೆ. ಹುಲ್ಲು, ಬಿದಿರು, ಹಲಗೆ, ಬಟ್ಟೆ, ಟಾರ್ಪಾಲಿನ ಗೋಡೆ ಅಥವಾ ಮಾಡು ಇದ್ದರೆ ಮಾತ್ರ ಕಚ್ಚಾ. ಮುರಕಲ್ಲಿನ ಗೋಡೆ, ಮಂಗಳೂರು ಹಂಚು ಕಚ್ಚಾ ಆಗುವುದಿಲ್ಲ. ಮಂಗಳೂರಿನ ಜೆಪ್ಪುವಿನಲ್ಲಿ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್‌ನವರು ಹಂಚಿನ ಕಾರ್ಖಾನೆ ಹಾಕಿದ್ದು 1865ರಲ್ಲಿ. ಮಂಗಳೂರಿನಲ್ಲೇ ಕಚೇರಿ ಇಟ್ಟುಕೊಂಡ ಕಂಪನಿಗೆ ಹಂಚಿನ ಮನೆ ಪಕ್ಕಾ ಮನೆ ಅಂತ ಸಂತೆಕಟ್ಟೆಯ ಜೆರಾಕ್ಸ್ ಅಂಗಡಿಯವಳು ಬರೆದು ಕಳಿಸಬೇಕಾಯಿತು.

ಆ ಪುಸ್ತಕ 30ಕ್ಕೂ ಜಾಸ್ತಿ ಪುಟದ್ದು. ಪೂರ್ತಿ ಇಂಗ್ಲಿಷ್. ಓದುತ್ತಾ ಹೋದ ಹಾಗೆ ನನಗೆ ಸಿಟ್ಟಿಗಿಂತ ಆಶ್ಚರ್ಯ ಆಯಿತು. ಪಾಲಿಸಿ ಒಳ್ಳೆಯದೇ ಇದೆ! ನಮ್ಮದು ಭಾರತ್ ಗೃಹ ರಕ್ಷಾ. 2021ರ ಏಪ್ರಿಲ್ 1ರಿಂದ ಎಲ್ಲ ಸಾಮಾನ್ಯ ವಿಮಾ ಕಂಪನಿಗಳೂ ಒಂದೇ ಮಾದರಿಯಲ್ಲಿ ಕೊಡಬೇಕಾದ ಮನೆ ವಿಮೆ. ಬೆಂಕಿ, ಸಿಡಿಲು, ಬಿರುಗಾಳಿ, ನೆರೆ, ಗುಡ್ಡ ಕುಸಿತ ಎಲ್ಲ ಅದರಲ್ಲಿದೆ. ಕಟ್ಟಡದ ವಿಮಾ ಮೊತ್ತದ 20 ಶೇಕಡಾದಷ್ಟು ಮನೆ ಸಾಮಾನಿಗೂ ತಾನಾಗಿಯೇ ವಿಮೆ ಇರುತ್ತದೆ, 10 ಲಕ್ಷದವರೆಗೆ. ನಮ್ಮದು 15 ಲಕ್ಷದ ಪಾಲಿಸಿ. ಅಂದರೆ ಸಾಮಾನಿಗೆ 3 ಲಕ್ಷ. ಇದು ನನಗೆ ಗೊತ್ತೇ ಇರಲಿಲ್ಲ. ಮಾರಿದ ಏಜೆಂಟರಿಗೂ ಗೊತ್ತಿರಲಿಲ್ಲ. ಅವಶೇಷ ತೆಗೆಯುವ ಖರ್ಚೂ ಕ್ಲೇಮಿನ 2 ಶೇಕಡಾದವರೆಗೆ ಸಿಗುತ್ತದೆ. ಮೊದಲ ಕ್ಲೇಮ್ ಫಾರ್ಮಿನಲ್ಲಿ ಮರ ಕಡಿಸಿದ ಕೂಲಿಯನ್ನು ನಾನು ಬರೆದೇ ಇರಲಿಲ್ಲ. ಫಾರ್ಮಿನಲ್ಲಿ ಅದಕ್ಕೆ ಜಾಗವೂ ಇರಲಿಲ್ಲ.

ಇನ್ನು ನೀವು ಕೇಳಿದ ದಾಖಲೆಗಳ ವಿಷಯ. ಅಗ್ನಿಶಾಮಕ ದಳದ ವರದಿ ಕೇಳಿದಿರಿ. ಬೆಂಕಿ ಬಿದ್ದಿರಲಿಲ್ಲ ಅಂತ ಬರೆದೆ. ಆಮೇಲೆ ಹವಾಮಾನ ಇಲಾಖೆಯಿಂದ ಆ ರಾತ್ರಿಯ ಗಾಳಿಯ ವೇಗದ ಸರ್ಟಿಫಿಕೇಟ್ ಕೇಳಿದಿರಿ. ಸ್ವಾಮಿ, ಮಂಗಳೂರು ಕಡೆಯ ಪಣಂಬೂರಿನಲ್ಲೋ ಬಜ್ಪೆಯಲ್ಲೋ ಅಳೆದ ಗಾಳಿ ನಮ್ಮ ಹಿತ್ತಿಲಿನ ಹಲಸಿಗೆ ಹೇಗೆ ಸಾಕ್ಷಿ ಹೇಳುತ್ತದೆ? ಅದೂ ಅಲ್ಲದೆ, ನಿಮ್ಮ ಪಾಲಿಸಿಯಲ್ಲೇ ಹೊರಗಿನ ವಸ್ತು ಬಡಿದು ಆಗುವ ಹಾನಿ ಅಂತ ಒಂದು ಪ್ರತ್ಯೇಕ ಕಲಂ ಇದೆ. ವಾಹನ, ವಿಮಾನ, ಬೀಳುವ ಮರ ಅಂತ ಅಲ್ಲೇ ಉದಾಹರಣೆಯೂ ಇದೆ. ಮರ ಬಿದ್ದದ್ದು ಸಾಕು. ಗಾಳಿ ಎಷ್ಟು ಬೀಸಿತು ಅಂತ ನಾನು ಸಾಬೀತು ಮಾಡಬೇಕಾಗಿಲ್ಲ. ಇದನ್ನು ತೋರಿಸಿದ ಮೇಲೆ ನೀವು ಆ ಸರ್ಟಿಫಿಕೇಟಿನ ಸುದ್ದಿ ಬಿಟ್ಟಿರಿ. ಆದರೆ ಅದಕ್ಕೆ 19 ದಿನ ಹೋಯಿತು.

ಆಮೇಲೆ ನೀವು ಕೇಳಿದ್ದು ರಿಪೇರಿಯ ಜಿಎಸ್‌ಟಿ ಬಿಲ್. ನಮ್ಮ ಮನೆಯ ಉಳಿದ ಅರ್ಧ ಮಾಡು ಹಳೆ ಹಂಚಿನದ್ದು. ಹೊಸ ಹಂಚು ಅದರ ಜೊತೆ ಕೂರುವುದಿಲ್ಲ. ಅಂಚಿನ ಕಚ್ಚು ಒಂದು ನೂಲು ಆಚೀಚೆ ಆದರೂ ಸೋರುತ್ತದೆ. ಹಾಗಾಗಿ ಇಲ್ಲಿ ಯಾರೇ ಆದರೂ ಹಳೆ ಮನೆ ಒಡೆಸಿದವರ ಹತ್ತಿರ ಹಂಚು ಹುಡುಕುತ್ತಾರೆ. ನಾವೂ ಬ್ರಹ್ಮಾವರದ ಕಡೆ ಒಬ್ಬರು ಮನೆ ಕೆಡವಿದಲ್ಲಿಂದ ತಂದೆವು. ಮರದ ಕೆಲಸದವರು ಕೊಟ್ಟದ್ದು ನೋಟ್‌ಪುಸ್ತಕದ ಹಾಳೆಯಲ್ಲಿ ಬರೆದ ಚೀಟಿ. ಇದು ನಮ್ಮ ಊರಿನಲ್ಲಿ ಮನೆ ರಿಪೇರಿ ಆಗುವ ರೀತಿ. ಈ ಚೀಟಿಗಳು ನಡೆಯುವುದಿಲ್ಲ ಅಂದಿರಿ. ನಮಗಾದ ಖರ್ಚು ಮಾಡಿಗೆ 1,12,000, ಗೋಡೆಗೆ 38,000, ಸಾಮಾನಿಗೆ 46,500. ಒಟ್ಟು 1,96,500 ರೂಪಾಯಿ. ನೀವು ಕೊಡುತ್ತೇವೆ ಅಂದದ್ದು 71,200. ಜೊತೆಗೆ ಒಂದು ವೋಚರ್. ಇದು ಪೂರ್ಣ ಮತ್ತು ಅಂತಿಮ, ಇನ್ನು ಮುಂದೆ ಏನೂ ಕೇಳುವುದಿಲ್ಲ ಅಂತ ಅದಕ್ಕೆ ಸಹಿ ಹಾಕಬೇಕು. ಹಾಕಿದರೆ ನಾಳೆಯೇ ದುಡ್ಡು ಅಂತ ಫೋನಿನಲ್ಲಿ ಹೇಳಿದರು. ಹಾಕದಿದ್ದರೆ? ಅದಕ್ಕೆ ಉತ್ತರ ಇರಲಿಲ್ಲ. ಇಂಥ ವೋಚರ್‌ಗೆ ಸಹಿ ಹಾಕಿಸಿಕೊಂಡು ಗ್ರಾಹಕರ ಬಾಯಿ ಮುಚ್ಚಿಸಬಾರದು ಅಂತ ವಿಮಾ ನಿಯಂತ್ರಣ ಪ್ರಾಧಿಕಾರ 2015ರಲ್ಲೇ ಹೇಳಿದೆ. ನಾನು ಸಹಿ ಹಾಕಿಲ್ಲ.

ಈಗ ನಿಯಮದ ಮಾತು. 2024ರ ಜೂನ್‌ನಲ್ಲಿ ಪ್ರಾಧಿಕಾರ ಹೊರಡಿಸಿದ ಮಾಸ್ಟರ್ ಸುತ್ತೋಲೆ ನಿಮ್ಮ ಮೇಜಿನ ಮೇಲೆ ಇದ್ದೇ ಇರುತ್ತದೆ. ಕ್ಲೇಮ್ ತಿಳಿಸಿದ 24 ಗಂಟೆಯೊಳಗೆ ಸರ್ವೇಯರ್ ನೇಮಕ ಆಗಬೇಕು. 15 ದಿನದಲ್ಲಿ ವರದಿ ಬರಬೇಕು. ವರದಿ ಬಂದ 7 ದಿನದಲ್ಲಿ ನಿರ್ಧಾರ ಆಗಬೇಕು. ಕಾಗದ ಇಲ್ಲ ಎಂಬ ಕಾರಣಕ್ಕೆ ಕ್ಲೇಮ್ ತಳ್ಳಿಹಾಕಬಾರದು. ಬೇಕಾದ ಕಾಗದವನ್ನು ಪಾಲಿಸಿ ಕೊಡುವಾಗಲೇ ಕೇಳಬೇಕು, ಆಮೇಲೆ ಕ್ಲೇಮಿಗೆ ನೇರವಾಗಿ ಸಂಬಂಧಪಟ್ಟದ್ದನ್ನು ಮಾತ್ರ. ತಡವಾದರೆ ಬ್ಯಾಂಕ್ ದರಕ್ಕಿಂತ 2 ಶೇಕಡಾ ಜಾಸ್ತಿ ಬಡ್ಡಿ. ಒಂದು ಲೆಕ್ಕಕ್ಕೆ ಎಲ್ಲ ಸೇರಿ 23 ದಿನದ ಕೆಲಸ. ನೀವು ತೆಗೆದುಕೊಂಡದ್ದು 104.

ಮಳೆಗಾಲದಲ್ಲಿ ಒಟ್ಟಿಗೇ ನೂರಾರು ಕ್ಲೇಮ್ ಬರುತ್ತವೆ, ಜನ ಸಾಲುವುದಿಲ್ಲ ಅಂತ ನಿಮ್ಮ ಕಚೇರಿಯ ಒಬ್ಬರು ಹೇಳಿದರು. ಒಪ್ಪುತ್ತೇನೆ. ಆದರೆ ಕರಾವಳಿಯಲ್ಲಿ ಮಳೆಗಾಲ ನೆಂಟರ ಹಾಗೆ ಹೇಳದೆ ಬರುವುದಿಲ್ಲ. 2018ರ ಮೇ 29ರಂದು ಮಂಗಳೂರು ಮುಳುಗಿತ್ತು. 2020ರ ಸೆಪ್ಟೆಂಬರ್ 20ರಂದು ನಮ್ಮ ಸ್ವರ್ಣಾ ನದಿ ಉಕ್ಕಿ ಉಡುಪಿಯಲ್ಲಿ ದೋಣಿಯಲ್ಲಿ ಜನರನ್ನು ದಾಟಿಸಬೇಕಾಯಿತು. ಮರುವರ್ಷ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ. ಮೀನುಗಾರರಿಗೆ ಬಲೆ ಯಾವಾಗ ಹೆಣೆಯಬೇಕು ಅಂತ ಗೊತ್ತಿದೆ. ಜೂನ್ ಬರುವ ಮುಂಚೆ ನಾಲ್ಕು ಸರ್ವೇಯರ್ ಜಾಸ್ತಿ ಇಟ್ಟುಕೊಳ್ಳಬೇಕು ಅಂತ ನಿಮಗೂ ಗೊತ್ತಿರಬೇಕಲ್ಲ?

ಆ 2018ರ ಮೇ 29 ಅಂದಾಗ ನನ್ನ ತಮ್ಮನ ನೆನಪಾಯಿತು. ಅವನಿರುವುದು ಕೊಟ್ಟಾರ ಚೌಕಿ ಹತ್ತಿರ. ಫ್ಲ್ಯಾಟಿನ ಕೆಳಗೆ ನಿಲ್ಲಿಸಿದ್ದ ಕಾರಿಗೆ ಸೀಟಿನವರೆಗೆ ನೀರು. ನೀರು ಇಳಿದ ಮೇಲೆ ಅವನು ಮಾಡಿದ್ದು ಎಲ್ಲರೂ ಮಾಡುವ ಕೆಲಸ. ಕೀ ತಿರುಗಿಸಿದ. ಎಂಜಿನ್ ಒಳಗೆ ನೀರಿತ್ತು, ರಾಡ್ ಬಗ್ಗಿತು. ಕಂಪನಿಯವರು ಸೀಟು, ವೈರಿಂಗ್ ಕೊಟ್ಟರು, ಎಂಜಿನ್ ಕೊಡಲಿಲ್ಲ. ನೆರೆಯಿಂದ ಆದ ಹಾನಿಗೆ ವಿಮೆ ಇದೆ, ನೀರಿದ್ದಾಗ ಸ್ಟಾರ್ಟ್ ಮಾಡಿದ್ದರಿಂದ ಆದ ಹಾನಿಗೆ ಇಲ್ಲ. ಎಂಜಿನ್ ಪ್ರೊಟೆಕ್ಟ್ ಅಂತ ಬೇರೆ ಆಡ್‌ಆನ್ ತೆಗೆದುಕೊಳ್ಳಬೇಕಿತ್ತಂತೆ. ಸಾಲದ್ದಕ್ಕೆ ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ ಅರ್ಧವೇ ದುಡ್ಡು. ಕಾನೂನು ಪ್ರಕಾರ ಸರಿ ಇರಬಹುದು. ಆದರೆ 'ನೀರು ನಿಂತ ಕಾರನ್ನು ಸ್ಟಾರ್ಟ್ ಮಾಡಬೇಡಿ, ಟೋ ಮಾಡಿಸಿ' ಎಂಬ ಒಂದು ಸಾಲನ್ನು ಕನ್ನಡದಲ್ಲಿ ಆ ಪಾಲಿಸಿಯ ಮೊದಲ ಪುಟಕ್ಕೆ ಅಂಟಿಸಿದ್ದರೆ ಅವನಿಗೆ ಎಂಜಿನ್ ಉಳಿಯುತ್ತಿತ್ತು, ಕಂಪನಿಗೆ ಜಗಳ ತಪ್ಪುತ್ತಿತ್ತು. ನಾದಿನಿಯದ್ದು ಇನ್ನೊಂದು. ಮಗನ ಮನೆಗೆ ದುಬೈಗೆ ಹೋದಾಗ ಬ್ಯಾಗ್ ಬರಲಿಲ್ಲ. ಟಿಕೆಟ್ ಜೊತೆ ಟ್ರಾವೆಲ್ ಇನ್ಶೂರೆನ್ಸ್ ಇದೆಯಲ್ಲ ಅಂತ ಧೈರ್ಯವಾಗಿ ಹೊರಗೆ ಬಂದರು. ಏರ್‌ಪೋರ್ಟ್ ಬಿಡುವ ಮುಂಚೆ ವಿಮಾನ ಕಂಪನಿಯ ಕೌಂಟರಿನಲ್ಲಿ ಬ್ಯಾಗ್ ಸಿಕ್ಕಿಲ್ಲ ಅಂತ ಬರೆಸಿ ಒಂದು ವರದಿ ತೆಗೆದುಕೊಳ್ಳಬೇಕು. ಆ ಕಾಗದ ಇಲ್ಲದೆ ಅವರ ಕ್ಲೇಮ್ ನಿಂತೇ ಹೋಯಿತು. ತಪ್ಪು ಅವರದ್ದೇ, ಇಲ್ಲ ಅನ್ನುವುದಿಲ್ಲ. ಆದರೆ ಯಾರು ಹೇಳಿದ್ದರು ಅವರಿಗೆ?

ಇದನ್ನೇ ನಾನು ಹೇಳಬೇಕೆಂದಿರುವುದು. ಕ್ಲೇಮಿಗೆ ಬೇಕಾದ ಕೆಲಸ ಹಾನಿಯಾದ ಮೊದಲ ಎರಡು ಮೂರು ಗಂಟೆಯಲ್ಲಿ ಆಗಬೇಕು. ಆ ಹೊತ್ತಿಗೆ ನಮಗೆ ಏನೂ ಗೊತ್ತಿರುವುದಿಲ್ಲ. ನಮಗೆ ಗೊತ್ತಾಗುವುದು ನಿಮ್ಮ ತಿರಸ್ಕಾರದ ಪತ್ರ ಓದಿದಾಗ. ಪ್ರೀಮಿಯಂ ಕಟ್ಟುವ ದಿನ ಬಂತು ಅಂತ ಮೂರು ಸಲ ಮೆಸೇಜ್ ಕಳಿಸುತ್ತೀರಿ. ಹುಟ್ಟುಹಬ್ಬಕ್ಕೆ ಶುಭಾಶಯ ಕಳಿಸುತ್ತೀರಿ. ಅದೇ ಮೆಸೇಜಿನಲ್ಲಿ ಜೂನ್ ಒಂದನೇ ತಾರೀಕಿಗೆ 'ಮರ ಬಿದ್ದರೆ ಮೊದಲು ಫೋಟೋ ತೆಗೆಯಿರಿ, ಆಮೇಲೆ ಟಾರ್ಪಾಲ್ ಹಾಕಿ, ಬಿಲ್ ಇಟ್ಟುಕೊಳ್ಳಿ' ಅಂತ ಕಳಿಸುವುದಕ್ಕೆ ಎಷ್ಟು ಖರ್ಚು?

ಇದು ಹಣಕಾಸಿನ ವಿಷಯ ಗೊತ್ತಿಲ್ಲದ ಊರೇನೂ ಅಲ್ಲ. ಒಂದು ಕಾಲಕ್ಕೆ ಉಡುಪಿ, ದಕ್ಷಿಣ ಕನ್ನಡ ಈ ಎರಡು ಜಿಲ್ಲೆಗಳಿಂದ ಐದು ದೊಡ್ಡ ಬ್ಯಾಂಕ್‌ಗಳು ಹುಟ್ಟಿದವು. ಉಡುಪಿಯಲ್ಲಿ 1925ರಲ್ಲಿ ಶುರುವಾದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಎಂಬ ದಿನದ ಉಳಿತಾಯ ಯೋಜನೆ ತಂದಿತು. ದಿನಕ್ಕೆ ಎರಡಾಣೆ. ಅದನ್ನು ಕೊಡುವುದಕ್ಕೆ ನೇಕಾರರು, ಮೀನು ಮಾರುವವರು ಬ್ಯಾಂಕಿಗೆ ಹೋಗಬೇಕಿರಲಿಲ್ಲ. ಪಿಗ್ಮಿಯವರೇ ಮನೆಬಾಗಿಲಿಗೆ ಬಂದು, ಅವರ ಭಾಷೆಯಲ್ಲೇ ಲೆಕ್ಕ ಹೇಳಿ, ಪುಸ್ತಕದಲ್ಲಿ ಬರೆದುಕೊಟ್ಟು ಹೋಗುತ್ತಿದ್ದರು. ನನ್ನ ಅತ್ತೆಗೆ ಓದು ಬರಹ ಕಡಿಮೆ. ಆದರೆ ಅವರ ಪಿಗ್ಮಿ ಪುಸ್ತಕದಲ್ಲಿ ಎಷ್ಟಿದೆ ಅಂತ ಯಾವತ್ತೂ ಬಾಯಲ್ಲಿ ಹೇಳುತ್ತಿದ್ದರು. ನಿಮ್ಮ ಪಾಲಿಸಿಯಲ್ಲಿ ಏನಿದೆ ಅಂತ ಡಿಗ್ರಿ ಓದಿದ ಅವರ ಮೊಮ್ಮಗನಿಗೂ ಹೇಳಲಿಕ್ಕೆ ಆಗುವುದಿಲ್ಲ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಮೊದಲನೆಯದು ನನ್ನ ಮನೆಯದ್ದು. ನನ್ನ ಕ್ಲೇಮನ್ನು ಮತ್ತೆ ತೆರೆಯಿರಿ. ಮೊದಲ ದಿನದ ಫೋನ್ ರೆಕಾರ್ಡಿಂಗ್ ಕೇಳಿ, ಸಾಮಾನಿನಲ್ಲಿ ಕಳೆದದ್ದನ್ನು ಸೇರಿಸಿ. ಕೈಬರಹದ ಚೀಟಿಯನ್ನು ನಂಬುವುದಿಲ್ಲ ಎಂದಾದರೆ ಸರ್ವೇಯರ್ ಎಣಿಸಿದ ಹಂಚು, ಪಕ್ಕಾಸಿನ ಲೆಕ್ಕಕ್ಕೆ ಇಲ್ಲಿನ ಮಾರುಕಟ್ಟೆ ದರ ಹಾಕಿ ಕೊಡಿ. ಅವರು ಎಣಿಸಿದ್ದಂತೂ ಸುಳ್ಳಲ್ಲವಲ್ಲ. ಟಾರ್ಪಾಲ್ ಮತ್ತು ಮರ ತೆಗೆಸಿದ ಖರ್ಚನ್ನು ನಿಯಮದಲ್ಲಿ ಇರುವಷ್ಟು ಕೊಡಿ. ಮಳೆ ತಡೆಯಲೇಬೇಕು ಅನ್ನುವ ಕಂಪನಿ, ಮಳೆ ತಡೆದ ಖರ್ಚಿಗೆ ಮುಖ ತಿರುಗಿಸುವುದು ಚಂದ ಅಲ್ಲ.

ಉಳಿದದ್ದು ಎಲ್ಲರದ್ದು. ಪಾಲಿಸಿ ಜೊತೆ ಕನ್ನಡದಲ್ಲಿ ಒಂದೇ ಒಂದು ಹಾಳೆ ಕೊಡಿ. ಏನಿದೆ, ಏನಿಲ್ಲ, ಹಾನಿಯಾದ ದಿನ ಏನು ಮಾಡಬೇಕು ಅಂತ ಮಾತ್ರ. ಇಲ್ಲದ್ದನ್ನೂ ಬರೆಯಿರಿ. ಉಳ್ಳಾಲ, ಸೋಮೇಶ್ವರದ ಕಡಲ ಬದಿಯವರು ಮನೆ ವಿಮೆ ಮಾಡಿಸಿ ನಿಶ್ಚಿಂತೆಯಿಂದ ಇರುತ್ತಾರೆ. ಕಡಲ್ಕೊರೆತದಿಂದ ನೆಲ ಕುಸಿದರೆ ಈ ಪಾಲಿಸಿಯಲ್ಲಿ ಬರುವುದಿಲ್ಲ ಅಂತ ಅವರಿಗೆ ದುಡ್ಡು ತೆಗೆದುಕೊಳ್ಳುವ ಮುಂಚೆ ಹೇಳಬೇಡವೇ? ಇನ್ನು 6 ಒತ್ತಿದರೆ ಕನ್ನಡ ಬರಲಿ. ತುಳು, ಕೊಂಕಣಿ, ಬ್ಯಾರಿ ಬಂದರೆ ಇನ್ನೂ ಸಂತೋಷ. ಅಷ್ಟು ದೊಡ್ಡ ಆಸೆ ಈಗ ಬೇಡ.

ಮತ್ತೆ, ಫೋನ್ ತೆಗೆಯುವವರಿಗೆ 'ಮುಟ್ಟಬೇಡಿ' ಅಂತ ಹೇಳಿಕೊಟ್ಟದ್ದು ಯಾರೋ, ಅವರಿಗೆ ಒಂದು ಜುಲೈ ತಿಂಗಳು ಇಲ್ಲಿ ಬಂದು ಇರಲು ಹೇಳಿ. ನಮ್ಮ ಮನೆಯಲ್ಲೇ ಇರಬಹುದು. ಕುಚ್ಚಲಕ್ಕಿ ಗಂಜಿ ಕೊಡುತ್ತೇವೆ.

ಈ ಪತ್ರ ಓದುವ ಊರಿನವರಿಗೂ ಎರಡು ಮಾತು ಹೇಳಿಬಿಡುತ್ತೇನೆ, ಅಂಗಡಿಯಲ್ಲಿ ದಿನಾ ಕೇಳುತ್ತಾರೆ. ಹಾನಿಯಾದ ಕೂಡಲೇ ಫೋಟೋ, ವಿಡಿಯೋ. ಆಮೇಲೆ ಕಂಪನಿಗೆ ಫೋನ್, ಅದರ ಹಿಂದೆಯೇ ಒಂದು ಇಮೇಲ್. ಫೋನಿನಲ್ಲಿ ಹೇಳಿದ ಮಾತಿಗೆ ನಮ್ಮ ಕೈಯಲ್ಲಿ ಆಧಾರ ಇರುವುದಿಲ್ಲ, ನಾನು ಅನುಭವಿಸಿದ್ದೇನೆ. 'ನೀವು ಹೀಗೆ ಹೇಳಿದ್ದೀರಿ, ಮಳೆ ಬರುತ್ತಿರುವುದರಿಂದ ಟಾರ್ಪಾಲ್ ಹಾಕುತ್ತಿದ್ದೇವೆ' ಅಂತ ಅವತ್ತೇ ಬರೆದು ಕಳಿಸಿ. ಹಾಳಾದ ಸಾಮಾನನ್ನು ಗುಜರಿಗೆ ಹಾಕಬೇಡಿ, ಒಂದು ಮೂಲೆಯಲ್ಲಿ ಇಡಿ. ಗ್ರಾಮ ಆಡಳಿತಾಧಿಕಾರಿ ಬರೆದ ಮಹಜರಿನ ಪ್ರತಿ ಕೇಳಿ ಇಟ್ಟುಕೊಳ್ಳಿ. ಸರ್ವೆ ವರದಿಯ ಪ್ರತಿಯನ್ನೂ ಕಂಪನಿಯಿಂದ ಕೇಳಿ. ವಿಮಾ ಮೊತ್ತಕ್ಕೆ ಜಾಗದ ಬೆಲೆ ಸೇರಿಸಬೇಡಿ. ಕಟ್ಟುವ ಖರ್ಚು ಮಾತ್ರ ಲೆಕ್ಕಕ್ಕೆ, ಜಾಗದ್ದು ಸುಮ್ನೆ ಪ್ರೀಮಿಯಂ ದಂಡ. ಕಂಪನಿಯವರು ಕೇಳದಿದ್ದರೆ ಪ್ರಾಧಿಕಾರದ ಬಿಮಾ ಭರೋಸಾ ವೆಬ್‌ಸೈಟಿನಲ್ಲಿ ದೂರು ಹಾಕಬಹುದು, 155255ಕ್ಕೆ ಫೋನ್ ಮಾಡಿದರೂ ಆಗುತ್ತದೆ.

ಅದೂ ಆಗದಿದ್ದರೆ ಬೆಂಗಳೂರಿನಲ್ಲಿ ಕಂಪನಿ, ಗ್ರಾಹಕರ ತಕರಾರು ತೀರ್ಮಾನಿಸುವ ವಿಮಾ ಒಂಬುಡ್ಸ್‌ಮನ್ ಇದ್ದಾರೆ. ಕಂಪನಿಗೆ ಲಿಖಿತವಾಗಿ ದೂರು ಕೊಟ್ಟು ಒಂದು ತಿಂಗಳು ಉತ್ತರ ಬರದಿದ್ದರೆ, ಅಥವಾ ಉತ್ತರ ಒಪ್ಪಿಗೆ ಆಗದಿದ್ದರೆ, ಒಂದು ವರ್ಷದೊಳಗೆ ಅಲ್ಲಿಗೆ ಹೋಗಬಹುದು. 50 ಲಕ್ಷದವರೆಗಿನ ತಕರಾರು. ಫೀಸಿಲ್ಲ, ವಕೀಲರು ಬೇಡ. ವಿಡಿಯೋದಲ್ಲೇ ವಿಚಾರಣೆ ಆಗುವ ವ್ಯವಸ್ಥೆಯೂ ಇದೆ. ಅವರ ಆದೇಶವನ್ನು ಕಂಪನಿ ಪಾಲಿಸಲೇಬೇಕು.

ವ್ಯವಸ್ಥಾಪಕರೇ, ನಿಮ್ಮ ದೂರು ವಿಭಾಗಕ್ಕೆ ನಾನು ಕೊಟ್ಟ ಲಿಖಿತ ದೂರಿಗೆ ಮುಂದಿನ ಸೋಮವಾರಕ್ಕೆ ಒಂದು ತಿಂಗಳು ತುಂಬುತ್ತದೆ. ಒಂಬುಡ್ಸ್‌ಮನ್ ಅರ್ಜಿಯನ್ನು ತುಂಬಿಸಿ ಇಟ್ಟಿದ್ದೇನೆ. ತಾರೀಕು ಮಾತ್ರ ಬರೆದಿಲ್ಲ. ಅದನ್ನು ಬರೆಯುವ ಹಾಗೆ ಮಾಡಬೇಡಿ. ಕನ್ನಡದಲ್ಲಿ ಉತ್ತರ ಬಂದರೆ ಅತ್ತೆಗೂ ಓದಿ ಹೇಳುತ್ತೇನೆ. ಅವರು ದಿನಾ ಕೇಳುತ್ತಿದ್ದಾರೆ.

ಇಂತಿ ತಮ್ಮ ವಿಶ್ವಾಸಿ,
ಸಂತೆಕಟ್ಟೆಯ ಒಬ್ಬ ಪಾಲಿಸಿದಾರಳು,
ಉಡುಪಿ

ವಿ.ಸೂ.: ಅವತ್ತು ಬಂದ ಸರ್ವೇಯರ್ ತಮ್ಮ ಕೊಡೆಯನ್ನು ನಮ್ಮ ಜಗಲಿಯಲ್ಲೇ ಬಿಟ್ಟು ಹೋಗಿದ್ದಾರೆ. ಕರಿ ಬಟ್ಟೆ, ಮರದ ಹಿಡಿ, ಒಂದು ಕಡ್ಡಿ ಮುರಿದಿದೆ. ಮುರಿದದ್ದು ನಾವಲ್ಲ, ಬರುವಾಗಲೇ ಹಾಗಿತ್ತು. ಫೋಟೋ ತೆಗೆದು ಇಟ್ಟಿದ್ದೇವೆ.